ಗುಡಿಗೆ ನೂರು ಮೀಟರು, ನಮ್ಮ ಹೊಸ್ತಿಲಿಗೆ ಎಷ್ಟು?

ಊರಿನಲ್ಲಿ ಮದ್ಯದಂಗಡಿಗೆ ಅರ್ಜಿ ಹೋಗಿದೆ ಎಂಬ ಸುದ್ದಿ ಹೆಂಗಸರ ಕಿವಿಗೆ ಬೀಳುವುದು ಎಲ್ಲರಿಗಿಂತ ಕೊನೆಗೆ. ಮಳಿಗೆ ಬಾಡಿಗೆಗೆ ಹೋಗಿರುತ್ತದೆ, ಬಣ್ಣ ಬಳಿದಾಗಿರುತ್ತದೆ, ಅಳತೆ ಮಾಡಲು ಅಧಿಕಾರಿಗಳು ಬಂದು ಹೋಗಿರುತ್ತಾರೆ. ಅರ್ಜಿ ಹಾಕಿದವನಿಗೆ ಗೊತ್ತು, ಮಳಿಗೆಯ ಮಾಲೀಕನಿಗೆ ಗೊತ್ತು, ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಆ ಅಂಗಡಿಯ ಲಾಭವನ್ನು ತನ್ನ ಕೂಲಿಯಿಂದ, ತನ್ನ ಮೈಯಿಂದ ತುಂಬಿಕೊಡಬೇಕಾದವಳಿಗೆ ಮಾತ್ರ!

ಅಕ್ಕಂದಿರೇ, ಈ ಕಾನೂನನ್ನು ನಾವು ಒಮ್ಮೆ ಕೂತು ಓದಬೇಕು. ಕರ್ನಾಟಕ ಅಬಕಾರಿ ಲೈಸೆನ್ಸುಗಳ ಸಾಮಾನ್ಯ ಷರತ್ತುಗಳ ನಿಯಮ 1967ರದ್ದು. ಅದರ ಐದನೆಯ ನಿಯಮ ಹೇಳುತ್ತದೆ: ಧಾರ್ಮಿಕ ಸಂಸ್ಥೆ, ಶಾಲೆ ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿ, ಸ್ಥಳೀಯ ಸಂಸ್ಥೆಯ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿರುವ ವಸತಿಯಲ್ಲಿ ಕೂಡದು. ಹೆದ್ದಾರಿಯ ನಡುವಿನಿಂದ 220 ಮೀಟರ್ ಒಳಗೆ ಕೂಡದು. ಒಳ್ಳೆಯದೇ. ದೇವರಿಗೆ ರಕ್ಷಣೆಯಿದೆ, ಕಚೇರಿಯ ಸಾಹೇಬರಿಗೆ ರಕ್ಷಣೆಯಿದೆ, ಹೆದ್ದಾರಿಯಲ್ಲಿ ಓಡುವ ಲಾರಿಗೂ ರಕ್ಷಣೆಯಿದೆ. ಸಂಜೆ ಏಳಕ್ಕೆ ಬಾಗಿಲು ಒದೆಯುವ ಸದ್ದಿಗೆ ಮಕ್ಕಳನ್ನು ಹಿಂದಕ್ಕೆ ಸರಿಸಿಕೊಂಡು ನಿಲ್ಲುವವಳ ಮನೆಯಿಂದ ಎಷ್ಟು ಮೀಟರು? ಆ ಅಳತೆ ಅಲ್ಲಿಲ್ಲ. ಊರಿನ ಹೆಂಗಸರ ಒಪ್ಪಿಗೆ ಬೇಕು ಎಂಬ ಮಾತೂ ಆ ನಿಯಮದಲ್ಲಿಲ್ಲ.

ಭಾತಂಬ್ರಾದಂಥ ಊರನ್ನೇ ತೆಗೆದುಕೊಳ್ಳಿ. ಕೋಟೆಯ ಊರು, ಭಾಲ್ಕಿಗೆ ಹತ್ತಿರ. ತೊಗರಿ, ಸೋಯಾ, ಕಬ್ಬಿನ ಹೊಲಗಳಲ್ಲಿ ದುಡಿಯುವ ಹೆಂಗಸರು. ಇಂಥ ಕಡೆ ಅಂಗಡಿ ಬೇಡವೆಂದು ಬಾಯಿ ತೆರೆದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಮೊದಲನೆಯದು: “ಕುಡಿಯಾಂವ ಭಾಲ್ಕಿಗಿ ಹೋಗ್ಯಾದ್ರೂ ಕುಡಿತಾನ, ನೀವ್ಯಾಕ ಒದರ್ತೀರಿ?” ಹೋಗಲಿ ಬಿಡಿ! ಭಾಲ್ಕಿಗೆ ಹೋಗಬೇಕಾದರೆ ಬಸ್ಸಿನ ಚಾರ್ಜು ಬೇಕು, ಹೊತ್ತು ಬೇಕು, ಮರಳಿ ಬರುವ ಚಿಂತೆ ಬೇಕು. ಎಷ್ಟೋ ಸಂಜೆ ಅವನು ಹೋಗುವುದೇ ಇಲ್ಲ. ಕೂಲಿಯ ಹಣ ಅಷ್ಟು ದಿನ ಡಬ್ಬಿಯಲ್ಲಿ ಉಳಿಯುತ್ತದೆ. ಆ ದೂರವೇ ನಮಗಿರುವ ಒಂದು ಬೇಲಿ. ಅಂಗಡಿ ಓಣಿಯೊಳಗೆ ಬಂದರೆ ಬೇಲಿ ಹೋಯಿತು.

ಎರಡನೆಯದು ಇನ್ನೂ ಜಾಣತನದ್ದು. “ಲೈಸೆನ್ಸಿನ ಅಂಗಡಿ ಬಂದ್ರ ಕಳ್ಳ ಮಾಲು ನಿಂದ್ರತದ.” 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಕುಡಿತ ನಿಂತಿತೇ? ಪಾಕೆಟ್ ಸಾರಾಯಿ ಹೋಗಿ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಕಿರಾಣಿ ದುಕಾನಿನಲ್ಲಿ, ಪಾನ್ ಡಬ್ಬಾದಲ್ಲಿ ಕಳ್ಳತನದಿಂದ ಮಾರುವ ಆ 90 ಮಿಲಿಯ ಪ್ಯಾಕೆಟ್ಟುಗಳು ಆಕಾಶದಿಂದ ಉದುರುವುದಿಲ್ಲ, ಲೈಸೆನ್ಸಿನ ಅಂಗಡಿಯಿಂದಲೇ ಪೆಟ್ಟಿಗೆಗಟ್ಟಲೆ ಬರುತ್ತವೆ. ಹತ್ತಿರದಲ್ಲೊಂದು ಅಂಗಡಿ ತೆರೆದರೆ ಕಳ್ಳ ಮಾರಾಟಗಾರನಿಗೆ ಗೋದಾಮು ತೆರೆದುಕೊಟ್ಟಂತೆ.

ಒಂದು ಮಾತನ್ನು ನಾವೇ ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ಹೊಡೆಯುವವರೆಲ್ಲ ಕುಡುಕರಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆಗಾಗ ಕುಡಿದು ಅಮಲೇರುವ ಗಂಡಂದಿರ ಹೆಂಡಿರಲ್ಲಿ ನೂರಕ್ಕೆ 70 ಮಂದಿ ಹಿಂಸೆ ಅನುಭವಿಸಿದ್ದಾರೆ. ಕುಡಿಯದ ಗಂಡಂದಿರ ಹೆಂಡಿರಲ್ಲಿ 23 ಮಂದಿ. ಆ 23 ಹೆಂಗಸರಿಗೆ ಪೆಟ್ಟು ಕೊಟ್ಟದ್ದು ಬಾಟಲಿಯಲ್ಲ, ಹೆಂಡತಿಯನ್ನು ಹೊಡೆಯುವುದು ತನ್ನ ಹಕ್ಕೆಂಬ ಗಂಡಸಿನ ಸೊಕ್ಕು. ಮದುವೆ ಮಾತುಕತೆಯಲ್ಲಿ ಎಷ್ಟು ತೊಲ ಬಂಗಾರ, ಎಷ್ಟು ಹುಂಡಾ ಎಂದು ಚೌಕಾಸಿ ಮಾಡುವ ಹಿರಿಯರು ಚಹಾ ಕುಡಿದುಕೊಂಡೇ ಮಾಡುತ್ತಾರೆ! ಆದ್ದರಿಂದ “ಪಾಪ, ಕುಡಿದಿದ್ದ, ಮರೆತುಬಿಡು” ಎನ್ನುವವರನ್ನು ನಾವು ಒಪ್ಪಬಾರದು. ತಾನಾಗಿ ಕುಡಿದು ಮಾಡಿದ ತಪ್ಪಿಗೆ ಕಾನೂನೂ ಕ್ಷಮೆ ಕೊಡುವುದಿಲ್ಲ.

ಆದರೆ ಅಂಗಡಿ ಆ ಸೊಕ್ಕಿಗೆ ಎಣ್ಣೆ ಸುರಿಯುತ್ತದೆ. ಮೊದಲು ಕೂಲಿ ಹೋಗುತ್ತದೆ, ಆಮೇಲೆ ಹಿತ್ತಾಳೆ ಪಾತ್ರೆ, ಆಮೇಲೆ ಕಿವಿಯ ಬೆಂಡೋಲೆ. ಮಾರಲು ಏನೂ ಉಳಿಯದಿದ್ದಾಗ “ತವರಿಗೆ ಹೋಗಿ ರೊಕ್ಕ ತಾ” ಶುರುವಾಗುತ್ತದೆ. ಮದುವೆಯಾಗಿ ಹತ್ತು ವರ್ಷದ ಮೇಲೂ ಹೀಗೆ ವಸೂಲಾಗುವುದು ವರದಕ್ಷಿಣೆಯಲ್ಲದೆ ಮತ್ತೇನು? ಸಂಘದಲ್ಲಿ ಸಾಲ ಎತ್ತಿಸಿ ಅದನ್ನೂ ಕಿತ್ತುಕೊಳ್ಳುವುದುಂಟು. ಕಂತು ಕಟ್ಟುವವಳು ಮಾತ್ರ ಅವಳೇ. ತೊಂಬತ್ತರ ದಶಕದಿಂದ ಬೀದರ ಜಿಲ್ಲೆಯ ಹೆಂಗಸರು ಡಿಸಿಸಿ ಬ್ಯಾಂಕಿನ ಜೊತೆ ಸಂಘ ಕಟ್ಟಿಕೊಂಡು ಬಂದದ್ದು ಇದಕ್ಕಾಗಿಯೇ?

ಇನ್ನು ಸರ್ಕಾರ. ಸಂವಿಧಾನದ 47ನೆಯ ವಿಧಿ ಮದ್ಯಪಾನ ತಡೆಯಲು ಸರ್ಕಾರ ಯತ್ನಿಸಬೇಕು ಎನ್ನುತ್ತದೆ. 2025–26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಎನ್ನುತ್ತದೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ಹೆಸರಿನಲ್ಲಿ ತಿಂಗಳಿಗೆ ಎರಡು ಸಾವಿರ ಕೊಡುವುದಾಗಿ ಹೇಳಿ, ಅದೇ ಮನೆಯ ಗಂಡಸಿನಿಂದ ಅಷ್ಟನ್ನೂ ಗಲ್ಲೆಗೆ ಎಳೆದುಕೊಳ್ಳುವುದು ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದಂತೆ. ಯಾವ ಪಕ್ಷದ ಸರ್ಕಾರವೂ ಇದಕ್ಕೆ ಹೊರತಲ್ಲ.

ಹೆಂಗಸರು ಸುಮ್ಮನಿದ್ದರೆಂದು ಯಾರೂ ಹೇಳುವಂತಿಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ವಿರುದ್ಧ ಎದ್ದರು. ಆಂಧ್ರದಲ್ಲಿ 1993ರಲ್ಲಿ ಸಾರಾಯಿ, 1995ರಲ್ಲಿ ಪೂರ್ತಿ ಮದ್ಯವೇ ನಿಂತಿತು. ಎರಡೇ ವರ್ಷದಲ್ಲಿ, 1997ರಲ್ಲಿ, ಬೊಕ್ಕಸದ ನೆಪ ಹೇಳಿ ಮತ್ತೆ ಬಾಗಿಲು ತೆರೆದರು. ನಮ್ಮಲ್ಲಿ 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಹೆಂಗಸರು ಸುಮಾರು ಇನ್ನೂರು ಕಿಲೋಮೀಟರ್ ನಡೆದು 30ರಂದು ಬೆಂಗಳೂರು ಮುಟ್ಟಿದರು. ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಅಪಘಾತದಲ್ಲಿ ಪ್ರಾಣ ಬಿಟ್ಟರು. ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ.

ರಾಜ್ಯಕ್ಕೆಲ್ಲ ನಿಷೇಧ ಆಗುವಾಗ ಆಗಲಿ. ನಮ್ಮೂರಿನ ಅರ್ಜಿಗೆ ಬೇಡವೆನ್ನುವ ಹಕ್ಕು ಮೊದಲು ನಮಗೆ ಬೇಕು. ಇದು ಹೊಸ ಮಾತಲ್ಲ. ಭಾಲ್ಕಿ, ಔರಾದದವರಿಗೆ ಉದಗೀರದ ಕಡೆ ನೆಂಟಸ್ತನವಿದೆ. ಅಲ್ಲಿ “ಉಭೀ ಬಾಟಲೀ, ಆಡವೀ ಬಾಟಲೀ” ಎಂದರೆ ಏನೆಂದು ಕೇಳಿ ನೋಡಿ. ಮಹಾರಾಷ್ಟ್ರದ 2008ರ ಆದೇಶದಂತೆ ಊರಿನ ಮಹಿಳಾ ಮತದಾರರಲ್ಲಿ ನೂರಕ್ಕೆ 25 ಮಂದಿ ಸಹಿ ಮಾಡಿ ಕೇಳಿದರೆ ಗುಪ್ತ ಮತದಾನ ನಡೆಸಬೇಕು. ಚೀಟಿಯಲ್ಲಿ ನಿಂತ ಬಾಟಲಿ ಒಂದು, ಮಲಗಿದ ಬಾಟಲಿ ಒಂದು. ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಅನುಸೂಚಿತ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ ಮದ್ಯ ನಿಷೇಧಿಸುವ ಅಧಿಕಾರ ಇರಬೇಕೆಂದು ಸಂಸತ್ತೇ 1996ರಲ್ಲಿ ಕಾನೂನು ಮಾಡಿದೆ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಗಡಿಯಾಚೆಯ ನಮ್ಮ ಅಕ್ಕತಂಗಿಯರಿಗೆ ಇರುವ ಬುದ್ಧಿ ಗಡಿಯೀಚೆ ನಮಗಿಲ್ಲವೇ?

ಆ ಹಕ್ಕು ಬರುವ ತನಕ ಇರುವ ನಿಯಮವನ್ನೇ ಹಿಡಿಯಬೇಕು. ಅಳತೆಯನ್ನು ಹಕ್ಕಿ ಹಾರಿದಂತೆ ಮಾಡುವುದಲ್ಲ. ಅಂಗಡಿಯ ಬಾಗಿಲಿನ ನಡುವಿನಿಂದ, ಜನ ನಡೆದಾಡುವ ಹತ್ತಿರದ ದಾರಿಯಲ್ಲಿ, ಶಾಲೆಯ ಗೇಟಿನ ನಡುವಿನವರೆಗೆ. ಸಂಘದ ನಾಲ್ವರು ಟೇಪು ಹಿಡಿದು ಹಗಲಲ್ಲೇ ಅಳೆಯಿರಿ, ಬರೆದಿಡಿ. ತಕರಾರು ಅರ್ಜಿ ಜಿಲ್ಲಾಧಿಕಾರಿಗೆ, ಪ್ರತಿ ಬೀದರದ ಅಬಕಾರಿ ಉಪ ಆಯುಕ್ತರಿಗೆ, ಇನ್ನೊಂದು ಗ್ರಾಮ ಪಂಚಾಯಿತಿಗೆ. ಗ್ರಾಮಸಭೆಯಲ್ಲಿ ಠರಾವು ಬರೆಸದೆ ಏಳಬೇಡಿ. ಎಲ್ಲ ಕಡೆ ಸ್ವೀಕೃತಿ ತೆಗೆದುಕೊಳ್ಳಿ. ಅಧಿಕಾರಿಗಳು ಮಾಡಿದ ಅಳತೆಯ ನಕ್ಷೆಯ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ.