ಮರಳಿನ ಟ್ರೇ ತೊರೆದ ಬೆಕ್ಕು

ಶುಚಿತ್ವದ ವಿಷಯದಲ್ಲಿ ಬೆಕ್ಕಿಗೆ ಇರುವಷ್ಟು ಒಳ್ಳೆಯ ಹೆಸರು ಮನೆಯಲ್ಲಿ ಸಾಕುವ ಬೇರಾವ ಪ್ರಾಣಿಗೂ ಇಲ್ಲ. ಅದು ಹಾಲು ಕದ್ದರೂ, ಸೋಫಾದ ಬಟ್ಟೆಯನ್ನು ಉಗುರಿನಿಂದ ಹರಿದರೂ, 'ಹೋಗಲಿ, ಮನೆ ಹೊಲಸು ಮಾಡುವುದಿಲ್ಲವಲ್ಲ' ಎಂದು ಕ್ಷಮಿಸುವುದು ಗೃಹಸ್ಥರ ವಾಡಿಕೆ. ಅಂತಹ ಬೆಕ್ಕೇ ಒಂದು ಮುಂಜಾನೆ ಹಾಸಿಗೆಯ ಮೇಲೋ, ಒಗೆಯಲು ಕೂಡಿಟ್ಟ ಬಟ್ಟೆಯ ರಾಶಿಯ ಮೇಲೋ ಮೂತ್ರ ಮಾಡಿತೆಂದರೆ, ವರುಷಗಳಿಂದ ಗಳಿಸಿದ ಹೆಸರು ಒಂದೇ ಗಳಿಗೆಯಲ್ಲಿ ಮಣ್ಣುಪಾಲಾಗುತ್ತದೆ.

ಮೈಸೂರಿನ ಅಂಚಿನಲ್ಲಿರುವ ಹೂಟಗಳ್ಳಿಯ ಬೆಕ್ಕಿಗೆ ಹಿಂದೆ ಈ ಪರೀಕ್ಷೆಯೇ ಇರಲಿಲ್ಲ. ಆಗ ಅದು ಹೊಲಗಳ ನಡುವಿನ ಹಳ್ಳಿ. ಹಿತ್ತಲಿನ ಮಣ್ಣು, ತಿಪ್ಪೆಯ ಬದಿ, ಬೇಲಿಯ ಮರೆ, ಎಲ್ಲವೂ ಬೆಕ್ಕಿನ ಶೌಚಸ್ಥಾನವೇ. ಕೈಗಾರಿಕಾ ಪ್ರದೇಶ ಬಂದಿತು. ಗೃಹಮಂಡಳಿಯ ಮನೆಗಳು ಬಂದವು. ಒಂದರ ಪಕ್ಕಕ್ಕೊಂದು ಬಡಾವಣೆಗಳು ಎದ್ದವು. ಖಾಲಿ ನಿವೇಶನಗಳು ಉಳಿದಿರುವವರೆಗೂ ಬೆಕ್ಕಿಗೆ ಹೇಗೋ ನಡೆಯಿತು. ಆ ನಿವೇಶನಗಳಲ್ಲೂ ಮನೆಗಳು ತುಂಬಿ, ಅಂಗಳಕ್ಕೆ ಸಿಮೆಂಟು ಬಿದ್ದು, ಮಹಡಿಯ ಮೇಲಿನ ಬಾಡಿಗೆ ಮನೆಗೆ ಮಣ್ಣಿನ ಸೋಂಕೇ ಇಲ್ಲವಾದ ಮೇಲೆ, ಅದರ ಹಿತ್ತಲೆಲ್ಲವೂ ಒಂದೂವರೆ ಅಡಿಯ ಪ್ಲಾಸ್ಟಿಕ್ ಟ್ರೇಯೊಳಗೆ ಬಂದು ಕುಳಿತಿತು. ಮಾರಾಟದ ಅಂಗಡಿಯಲ್ಲಿ ಅದಕ್ಕೆ ಲಿಟರ್ ಬಾಕ್ಸ್ ಎಂದು ಹೆಸರು. ಎಕರೆಗಟ್ಟಲೆ ನೆಲದಲ್ಲಿ ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತಿದ್ದ ಪ್ರಾಣಿಗೆ ಈಗ ಉಳಿದಿರುವುದು ಇಷ್ಟೇ ಮರಳು. ಅದರಲ್ಲಿಯೂ ಏನಾದರೂ ಕೆಟ್ಟರೆ ಅದು ಹೋಗುವುದಾದರೂ ಎಲ್ಲಿಗೆ?

ಇಂತಹ ಮುಂಜಾನೆ ಮನೆಯಲ್ಲಿ ನಡೆಯುವ ವಿಚಾರಣೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ನಿನ್ನೆ ಗದರಿದ್ದಕ್ಕೆ ಬೆಕ್ಕು ಸೇಡು ತೀರಿಸಿಕೊಂಡಿತೆಂದು ಯಜಮಾನರ ವಾದ. ಮುದ್ದು ಮಿತಿಮೀರಿತೆಂದು ಅಜ್ಜಿಯ ಸಾಕ್ಷ್ಯ. ಆರೋಪಿಯ ಪರವಾಗಿ ನಿಲ್ಲುವವರು ಮಕ್ಕಳು ಮಾತ್ರ. ಒದ್ದೆಯಾದ ಜಾಗಕ್ಕೆ ಮೂಗು ತಿಕ್ಕುವುದು, ಪೊರಕೆಯಿಂದ ಎರಡು ಏಟು ಕೊಡುವುದು ಮೊದಲ ಸಲದ ಶಿಕ್ಷೆ. ತಪ್ಪು ಮರುಕಳಿಸಿದರೆ ಗೋಣಿಚೀಲದಲ್ಲಿ ಕಟ್ಟಿ ದೂರ ಒಯ್ದು ಬಿಟ್ಟುಬರುವುದು. ಈ ಕೊನೆಯ ಶಿಕ್ಷೆ ನಮ್ಮ ಸೀಮೆಯಲ್ಲಿ ಬಹು ಹಳೆಯದು. ಅದನ್ನು ಶಿಕ್ಷೆಯೆಂದೂ ಯಾರೂ ಭಾವಿಸುವುದಿಲ್ಲ. ಆದರೆ ಮನೆಯ ಅನ್ನಕ್ಕೆ ಒಗ್ಗಿದ ಬೆಕ್ಕು ಅಪರಿಚಿತ ಬೀದಿಯಲ್ಲಿ ನಾಯಿಗಳಿಗೂ ಹಸಿವಿಗೂ ಗುರಿಯಾಗುತ್ತದೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಇಷ್ಟಕ್ಕೂ ಸೇಡಿನ ಆರೋಪ ನಿಲ್ಲುವಂತಹುದಲ್ಲ. ಮನೆಬೆಕ್ಕಿನ ಪೂರ್ವಜ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣನೆಲದ ಕಾಡುಬೆಕ್ಕು. ಮನುಷ್ಯನು ಬೇಸಾಯ ಕಲಿತು ಕಣಜ ಕಟ್ಟಿದಾಗ ಇಲಿಗಳು ಬಂದವು; ಇಲಿಗಳ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರುಷಗಳ ಹಿಂದೆ ಒಬ್ಬ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಬೆಕ್ಕೊಂದನ್ನು ಹೂಳಿದ್ದುದನ್ನು ಫ್ರೆಂಚ್ ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಸಡಿಲವಾದ ಮಣ್ಣನ್ನು ಕೆದರಿ, ಕುಳಿತು, ಮತ್ತೆ ಮುಚ್ಚುವ ಅಭ್ಯಾಸ ಆ ಕಾಡಿನ ಹಿರಿಯರಿಂದ ಬಂದ ಆಸ್ತಿ. ಕೆಲವೇ ವಾರಗಳ ಮರಿಯನ್ನು ಮರಳಿನ ಮೇಲೆ ಬಿಟ್ಟರೆ, ಯಾರೂ ಕಲಿಸದೆ ತಾನಾಗಿಯೇ ಕೆದರುತ್ತದೆ. ಇಷ್ಟು ಆಳವಾಗಿ ಬೇರೂರಿದ ಅಭ್ಯಾಸವನ್ನು ಬೆಕ್ಕು ಯಜಮಾನರ ಮೇಲಿನ ಮುನಿಸಿಗಾಗಿ ಬಿಡುವುದಿಲ್ಲ. ಅದು ಬಿಟ್ಟಿತೆಂದರೆ ಬಲವಾದ ಕಾರಣವೊಂದು ಇರಲೇಬೇಕು. ಆ ಕಾರಣವನ್ನು ಮೊದಲು ಹುಡುಕಬೇಕಾದುದು ಬೆಕ್ಕಿನ ದೇಹದಲ್ಲಿ.

ಮೂತ್ರಕೋಶದ ಉರಿಯೂತ, ಮೂತ್ರದಲ್ಲಿ ಹರಳು, ಮೂತ್ರಪಿಂಡದ ರೋಗ, ಸಕ್ಕರೆ ಕಾಯಿಲೆ, ಮಲಬದ್ಧತೆ, ಮುಪ್ಪಿನ ಕೀಲುನೋವು, ಇವುಗಳಲ್ಲಿ ಯಾವುದಾದರೂ ಬೆಕ್ಕನ್ನು ಟ್ರೇಯಿಂದ ದೂರ ಮಾಡಬಹುದು. ಇವುಗಳಲ್ಲಿ ಒಂದು ಸ್ಥಿತಿಯನ್ನಂತೂ ಬೆಕ್ಕು ಸಾಕಿದ ಪ್ರತಿಯೊಂದು ಮನೆಯೂ ತಿಳಿದಿರಬೇಕು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳೋ ಲೋಳೆಯೋ ಅಡ್ಡ ಸಿಕ್ಕಿದರೆ ಅದು ಪೂರ್ತಿಯಾಗಿ ಕಟ್ಟಿಕೊಳ್ಳುತ್ತದೆ. ಆಗ ಬೆಕ್ಕು ಟ್ರೇಗೆ ಹೋಗುತ್ತದೆ, ತಿಣುಕುತ್ತದೆ, ಹೊರಗೆ ಬರುತ್ತದೆ. ಬಚ್ಚಲಿನ ತಣ್ಣನೆಯ ನೆಲದಲ್ಲಿ ಕುಳಿತು ನೋಡುತ್ತದೆ. ಮತ್ತೆ ಟ್ರೇಗೆ ಹೋಗುತ್ತದೆ. ಹನಿ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಬಂದ ಹನಿಯಲ್ಲಿ ರಕ್ತದ ಛಾಯೆ ಇರಬಹುದು. ಅದು ಒಂದೇ ಸಮನೆ ಮೂತ್ರದ್ವಾರವನ್ನು ನೆಕ್ಕಿಕೊಳ್ಳುತ್ತದೆ, ಕೂಗುತ್ತದೆ. ಮನೆಯವರು ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸಬಹುದು, ಇಲ್ಲವೆ ಹಟವೆಂದು ತಿಳಿದು ಗದರಿಸಬಹುದು. ಅಷ್ಟರಲ್ಲಿ ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಇದು ನಾಳೆ ಬೆಳಗ್ಗೆ ನೋಡೋಣವೆನ್ನುವ ಕಾಯಿಲೆಯಲ್ಲ. ರಾತ್ರಿಯಾದರೂ ಪಶುವೈದ್ಯರನ್ನು ಹುಡುಕಿಕೊಂಡು ಹೋಗಬೇಕಾದ ಕಾಯಿಲೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನು ಕೊಡುವ ಯೋಚನೆಯನ್ನೂ ಮಾಡಬಾರದು. ಮನುಷ್ಯನಿಗೆ ಔಷಧವಾದದ್ದು ಬೆಕ್ಕಿಗೆ ವಿಷ.

ರೋಗ ವಾಸಿಯಾದ ಮೇಲೂ ಕೆಲವು ಬೆಕ್ಕುಗಳು ಟ್ರೇಯನ್ನು ಮುಟ್ಟುವುದಿಲ್ಲ. ಇದರ ಮರ್ಮವನ್ನು ಕನ್ನಡದ ಮಕ್ಕಳೆಲ್ಲರೂ ಶಾಲೆಯಲ್ಲಿಯೇ ಕೇಳಿರುತ್ತಾರೆ. ತೆನ್ನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲು ಇಟ್ಟನೆಂದೂ, ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಓಡುತ್ತಿತ್ತೆಂದೂ ಕಥೆ. ರಾಜಸಭೆ ನಕ್ಕಿತು, ಆದರೆ ಬೆಕ್ಕಿನ ತರ್ಕದಲ್ಲಿ ತಪ್ಪಿರಲಿಲ್ಲ. ಟ್ರೇಯ ವಿಷಯದಲ್ಲಿಯೂ ಅದೇ ತರ್ಕ. ಅಲ್ಲಿ ಕುಳಿತಾಗಲೆಲ್ಲ ಉರಿದಿದ್ದರೆ, ಉರಿಯ ಮೂಲ ತನ್ನ ದೇಹದಲ್ಲಿದೆಯೆಂದು ಬೆಕ್ಕಿಗೆ ಹೇಗೆ ಗೊತ್ತಾಗಬೇಕು? ಟ್ರೇಯೇ ಸುಡುತ್ತದೆಂದು ಅದು ಭಾವಿಸುತ್ತದೆ. ಮೆತ್ತನೆಯ ಹಾಸಿಗೆ ಸುಡುವುದಿಲ್ಲ. ಆ ಜಾಗಕ್ಕೆ ಮೂಗು ತಿಕ್ಕಿ ಹೊಡೆದರೆ, ಮನೆಯವರ ಕೈಯೂ ಸುಡುತ್ತದೆಂಬ ಇನ್ನೊಂದು ಪಾಠವನ್ನು ಅದು ಕಲಿತು, ಮಂಚದ ಕೆಳಗೆ ಕಣ್ಣಿಗೆ ಬೀಳದ ಮೂಲೆಯನ್ನು ಹುಡುಕಿಕೊಳ್ಳುತ್ತದೆ. ಇಂತಹ ಬೆಕ್ಕಿಗೆ ಬೇರೆ ಆಕಾರದ ಹೊಸ ಟ್ರೇಯನ್ನು ಬೇರೆ ಜಾಗದಲ್ಲಿ ಇಟ್ಟುಕೊಡುವುದು ಸುಲಭವಾದ ಉಪಾಯ.

ದೇಹ ಸರಿಯಾಗಿದೆಯೆಂದು ವೈದ್ಯರು ಹೇಳಿದರೆ ಆಮೇಲೆ ಟ್ರೇಯ ಸರದಿ. ಮರಳಿನ ಟ್ರೇ ಮನೆಯೊಳಗೆ ಬಂದ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಮಿಶಿಗನ್ ಸಂಸ್ಥಾನದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ 1947ರ ಚಳಿಗಾಲದಲ್ಲಿ ನೆರೆಮನೆಯಾಕೆಯೊಬ್ಬಳ ಮರಳು ಹೆಪ್ಪುಗಟ್ಟಿತು. ಬೂದಿ ಹಾಕಿದರೆ ಬೆಕ್ಕು ಮನೆಯೆಲ್ಲ ಕಪ್ಪು ಹೆಜ್ಜೆ ಮೂಡಿಸಿತು. ಆಕೆ ಎಡ್ವರ್ಡ್ ಲೋ ಎಂಬ ಯುವಕನನ್ನು ಮರಳು ಕೇಳಿದಳು. ಕಾರ್ಖಾನೆಗಳ ನೆಲದಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಲು ಮಾರುತ್ತಿದ್ದ ಜೇಡಿಯನ್ನು ಅವನು ಕೊಟ್ಟ. ಅದು ಬೆಕ್ಕಿಗೂ ಒಪ್ಪಿತು, ಆಕೆಗೂ ಒಪ್ಪಿತು. ಐದು ಪೌಂಡಿನ ಚೀಲಕ್ಕೆ 65 ಸೆಂಟಿನಂತೆ ಆರಂಭವಾದ ಆ ವ್ಯಾಪಾರ ದೊಡ್ಡ ಉದ್ಯಮವಾಯಿತು. ನೀರು ತಾಗಿದೊಡನೆ ಗಟ್ಟಿಯಾಗಿ ಉಂಡೆಗಟ್ಟುವ ಬೆಂಟೊನೈಟ್ ಜೇಡಿ ಮಾರುಕಟ್ಟೆಗೆ ಬಂದುದು 1980ರ ದಶಕದಲ್ಲಿ. ಇದೇ ಜೇಡಿ ನಮ್ಮ ಕಛ್ ಸೀಮೆಯಲ್ಲಿಯೂ ಹೇರಳವಾಗಿ ದೊರೆಯುತ್ತದೆ.

ಜೇಡಿ ಯಾವುದಾದರೂ ಇರಲಿ, ಬೆಕ್ಕಿಗೆ ಬೇಕಾದುದು ಹಿತ್ತಲಿನ ಮಣ್ಣಿನಂತೆ ನುಣುಪಾದ, ವಾಸನೆಯಿಲ್ಲದ ಹುಡಿ. ನಿಂಬೆ, ಲ್ಯಾವೆಂಡರುಗಳ ಪರಿಮಳ ಬೆರೆಸಿದ ಮರಳು ಮನೆಗೆ ಬಂದ ನೆಂಟರಿಗೆ ಹಿತವಾಗಬಹುದು; ಬೆಕ್ಕಿನ ಮೂಗಿಗೆ ಅದು ಉಪದ್ರವ. ಮರಳನ್ನು ಬದಲಿಸಲೇಬೇಕಾದರೆ ಹಳೆಯದಕ್ಕೆ ಹೊಸದನ್ನು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಬರಬೇಕು. ಟ್ರೇಯ ಉದ್ದ ಬೆಕ್ಕಿನ ಮೈಯ ಉದ್ದದ ಒಂದೂವರೆಯಷ್ಟಾದರೂ ಇರಬೇಕು. ಮರಿಗೆಂದು ಕೊಂಡ ಟ್ರೇಯಲ್ಲಿಯೇ ದೊಡ್ಡ ಬೆಕ್ಕು ಕೂರಬೇಕಾಗಿ ಬಂದಿರುವ ಮನೆಗಳು ಎಷ್ಟೋ! ಮಂಡಿನೋವಿನ ಅಜ್ಜಿಗೆ ಎತ್ತರದ ಮೆಟ್ಟಿಲು ಹೇಗೋ, ಮುದಿಬೆಕ್ಕಿಗೆ ಎತ್ತರದ ಅಂಚಿನ ಟ್ರೇ ಹಾಗೆ. ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದರೆ ಸಾಕು. ಟ್ರೇಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಅವೆಲ್ಲವನ್ನೂ ಒಂದೇ ಮೂಲೆಯಲ್ಲಿ ಸಾಲಾಗಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಊಟದ ಬಟ್ಟಲಿನ ಪಕ್ಕವೂ, ಗಡಗಡನೆ ನಡುಗುವ ಬಟ್ಟೆ ಒಗೆಯುವ ಯಂತ್ರದ ಪಕ್ಕವೂ ಟ್ರೇಗೆ ತಕ್ಕ ಸ್ಥಳಗಳಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಲಮೂತ್ರಗಳನ್ನು ದಿನಕ್ಕೊಮ್ಮೆಯಾದರೂ ತೆಗೆಯಬೇಕು. ಈ ಕೆಲಸವನ್ನು ಗರ್ಭಿಣಿಯರಿಗೆ ಬಿಡಬಾರದು. ಬೆಕ್ಕಿನ ಮಲದ ಮೂಲಕ ಹರಡುವ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಗರ್ಭದ ಶಿಶುವಿಗೆ ಅಪಾಯಕಾರಿ.

ದೇಹವೂ ಸರಿ, ಟ್ರೇಯೂ ಸರಿ ಎಂದಾದರೆ ಮನೆಯ ಕಡೆಗೆ ನೋಡಬೇಕು. ಮನುಷ್ಯರಿಗೆ ಹಬ್ಬವಾದುದು ಬೆಕ್ಕಿಗೆ ಸಂಕಟವಾಗಬಹುದು. ದಸರೆಯಲ್ಲಿ ಮೈಸೂರಿನ ಮನೆಮನೆಗೂ ನೆಂಟರು. ಅದರ ಬೆನ್ನಿಗೇ ದೀಪಾವಳಿಯ ಪಟಾಕಿ. ಹೊಸ ಮಗು, ಹೊಸ ಬಾಡಿಗೆ ಮನೆ, ಗೋಡೆಗೆ ಬಣ್ಣ, ಕಿಟಕಿಯ ಹೊರಗೆ ದಿನವೂ ಬಂದು ಕುಳಿತು ದಿಟ್ಟಿಸುವ ಬೀದಿಯ ಗಂಡು ಬೆಕ್ಕು, ಇವು ಯಾವುವೂ ಬೆಕ್ಕಿಗೆ ಸಣ್ಣ ಸಂಗತಿಗಳಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 32 ಬೆಕ್ಕುಗಳನ್ನು ಗಮನಿಸಿದರು. ಅವುಗಳಲ್ಲಿ 20 ಮೂತ್ರಕೋಶದ ಕಾಯಿಲೆಯವು, 12 ಆರೋಗ್ಯವಂತ ಬೆಕ್ಕುಗಳು. ಊಟದ ಹೊತ್ತು ತಪ್ಪಿದಾಗ, ನೋಡಿಕೊಳ್ಳುವವರು ಬದಲಾದಾಗ, ಎರಡು ಗುಂಪಿನ ಬೆಕ್ಕುಗಳೂ ಊಟ ಕಡಿಮೆ ಮಾಡಿದುವು. ಟ್ರೇಯ ಹೊರಗೆ ಶೌಚ ಮಾಡುವುದೂ ಹೆಚ್ಚಿತು. ಬೆಕ್ಕಿನ ನೆಮ್ಮದಿಗೆ ಬೇಕಾದುದು ಆಡಂಬರವಲ್ಲ. ಹೊತ್ತಿಗೆ ಸರಿಯಾದ ಊಟ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಏರಿ ಕೂರಲು ಒಂದು ಎತ್ತರದ ಜಾಗ, ದಿನಕ್ಕೆ ಸ್ವಲ್ಪ ಹೊತ್ತಿನ ಆಟ.

ಇನ್ನೊಂದು ಭೇದವನ್ನು ಗಮನಿಸಬೇಕು. ಬೆಕ್ಕು ಕುಳಿತು ನೆಲದ ಮೇಲೆ ಮೂತ್ರ ಮಾಡುವುದು ಬೇರೆ. ನಿಂತುಕೊಂಡು, ಬಾಲವನ್ನು ನೆಟ್ಟಗೆ ಎತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲಿಗೋ ಚಿಮ್ಮಿಸುವುದು ಬೇರೆ. ಎರಡನೆಯದು ಶೌಚವಲ್ಲ, ಇದು ತನ್ನ ಸೀಮೆಯೆಂದು ಬೆಕ್ಕು ಬರೆಯುವ ನಾಮಫಲಕ. ಶಸ್ತ್ರಚಿಕಿತ್ಸೆಯಿಂದ ಸಂತಾನಹರಣ ಮಾಡಿಸಿದರೆ ಬಹುಪಾಲು ಗಂಡು ಬೆಕ್ಕುಗಳು ಈ ಅಭ್ಯಾಸವನ್ನು ಬಿಡುತ್ತವೆ.

ಹೊಲಸಾದ ಜಾಗವನ್ನು ತೊಳೆಯುವುದರಲ್ಲಿಯೂ ವಿವೇಕ ಬೇಕು. ನಮ್ಮ ಮನೆಗಳಲ್ಲಿ ದುರ್ವಾಸನೆಗೆ ಮದ್ದೆಂದರೆ ಫಿನೈಲು. ಬೆಕ್ಕಿರುವ ಮನೆಗೆ ಅದು ಸಲ್ಲದು. ಇಂತಹ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪ್ಯಾರಸಿಟಮಾಲ್ ಅದಕ್ಕೆ ವಿಷವಾಗುವುದೂ ಇದರಿಂದಲೇ. ಫಿನೈಲು ಒರೆಸಿದ ನೆಲದಲ್ಲಿ ನಡೆದು, ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆಗೆ ಹೋಗುತ್ತದೆ. ಅಮೋನಿಯ ಇರುವ ದ್ರಾವಣವೂ ಕೂಡದು. ಅದರ ವಾಸನೆ ಮೂತ್ರದ್ದನ್ನೇ ಹೋಲುವುದರಿಂದ ಬೆಕ್ಕು ಅದನ್ನು ಆಹ್ವಾನವೆಂದೇ ತಿಳಿದೀತು. ಸಾಬೂನಿನ ನೀರಿನಲ್ಲಿ ತೊಳೆದು, ಬಳಿಕ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣವನ್ನು ಹಚ್ಚಿ, ಚೆನ್ನಾಗಿ ಒಣಗಿಸಬೇಕು.

ಇಷ್ಟೆಲ್ಲ ಮಾಡಿದರೂ ಬೆಕ್ಕು ಮರುದಿನವೇ ಸರಿಹೋಗುವುದಿಲ್ಲ. ಕೆಲವು ದಿನ ಒಂದೇ ಕೋಣೆಯಲ್ಲಿ, ಎರಡು ಶುಭ್ರವಾದ ಟ್ರೇಗಳೊಡನೆ ಇಟ್ಟು, ಒಂದರಲ್ಲಿ ಮರಳು, ಇನ್ನೊಂದರಲ್ಲಿ ಹಿತ್ತಲಿನ ಒಣಮಣ್ಣು ಹಾಕಿ, ಅದು ಯಾವುದನ್ನು ಆರಿಸುತ್ತದೆಂದು ನೋಡಬಹುದು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಬೆಕ್ಕು ಎಂದು ತಪ್ಪಿತು, ಎಲ್ಲಿ ತಪ್ಪಿತು, ಆ ದಿನ ಮನೆಯಲ್ಲಿ ವಿಶೇಷವೇನಿತ್ತು ಎಂದು ಎರಡು ಮಾತು ಗುರುತು ಹಾಕುತ್ತ ಬಂದರೆ, ತಿಂಗಳೊಪ್ಪತ್ತಿನಲ್ಲಿ ಕಾರಣ ತಾನಾಗಿ ತೋರಬಹುದು. ಪಶುವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗೂ ಅಲ್ಲಿಯೇ ಉತ್ತರವಿರುತ್ತದೆ. ಗುರುತುಗಳ ನಡುವಣ ಅಂತರ ವಾರದಿಂದ ವಾರಕ್ಕೆ ಹೆಚ್ಚುತ್ತ ಹೋಗುವುದನ್ನು ಕಂಡರೆ, ಗೋಣಿಚೀಲ ಹುಡುಕುತ್ತಿದ್ದ ಯಜಮಾನರು ಅದನ್ನು ಮತ್ತೆ ಅಟ್ಟಕ್ಕೆ ಎಸೆದಾರು.