ಲಿವರ್‌ಪೂಲ್ ಕಳೆದುಕೊಂಡದ್ದು ಬರಿಯ ಬಿರುದನ್ನಲ್ಲ

ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್ 2021ರ ಜುಲೈ 21ರಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬಿತ್ತು. ಒಮಾನಿನ ಓರಿಕ್ಸ್ ಅಭಯಾರಣ್ಯ (2007), ಜರ್ಮನಿಯ ಡ್ರೆಸ್ಡೆನ್ ಎಲ್ಬೆ ಕಣಿವೆ (2009) ಬಿಟ್ಟರೆ ಅಲ್ಲಿಯವರೆಗೆ ಈ ಗತಿ ಬೇರೆ ಯಾವ ತಾಣಕ್ಕೂ ಬಂದಿರಲಿಲ್ಲ. ಪಾರಂಪರಿಕ ಕಟ್ಟಡಗಳು ಹಿಂದೆಂದಿಗಿಂತಲೂ ಸುಸ್ಥಿತಿಯಲ್ಲಿವೆ ಎಂದು ನಗರಾಡಳಿತ ವಾದಿಸಿತು. ಅನೇಕ ಕಟ್ಟಡಗಳ ಮಟ್ಟಿಗೆ ಆ ಮಾತು ನಿಜ. ಆದರೆ 2004ರಲ್ಲಿ ಪಟ್ಟಿಗೆ ಸೇರಿದ್ದು ಬಿಡಿ ಕಟ್ಟಡಗಳಲ್ಲ. ನೀರು, ಗೋಡೆ, ಗೋದಾಮು, ವ್ಯಾಪಾರದ ಬೀದಿ ಎಲ್ಲ ಕೂಡಿದ ಬಂದರು ನಗರ. ಅದನ್ನು ಮರೆತವರಿಗೆ ಯುನೆಸ್ಕೊ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು.

ಮರ್ಸಿ ನದಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಕೆಲವೊಮ್ಮೆ ಹತ್ತು ಮೀಟರಿನಷ್ಟಾಗುತ್ತದೆ. ನೀರು ಇಳಿದಾಗ ಹಡಗು ಕೆಸರಿನಲ್ಲಿ ಕೂರುತ್ತಿತ್ತು. ಇದಕ್ಕೆ ಥಾಮಸ್ ಸ್ಟೀರ್ಸ್ ಕಂಡ ಪರಿಹಾರ 1715ರಲ್ಲಿ ತೆರೆದ ಡಾಕ್: ಉಬ್ಬರದಲ್ಲಿ ಹಡಗನ್ನು ಒಳಗೆ ಬಿಟ್ಟುಕೊಂಡು, ನೀರು ಇಳಿಯುವ ಮೊದಲೇ ಗೇಟು ಮುಚ್ಚಿಬಿಡುವ ಏರ್ಪಾಡು. ಈ ಅನುಕೂಲದ ಮೇಲೆ ಬೆಳೆದ ನಗರದ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಪಾಲೂ ದೊಡ್ಡದು.

1824ರಿಂದ 1860ರವರೆಗೆ ಡಾಕ್‌ಗಳ ಹೊಣೆ ಹೊತ್ತ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ ಈ ಏರ್ಪಾಡನ್ನು ಶಿಲ್ಪದ ಮಟ್ಟಕ್ಕೆ ಒಯ್ದ. 1846ರಲ್ಲಿ ತೆರೆದ ಆಲ್ಬರ್ಟ್ ಡಾಕ್‌ನ ಗೋದಾಮುಗಳನ್ನು ಬೆಂಕಿಯ ಭಯಕ್ಕೆ ಮರದ ತೊಲೆಗಳಿಲ್ಲದೆ ಇಟ್ಟಿಗೆ, ಕಲ್ಲು, ಕಬ್ಬಿಣದಲ್ಲೇ ಕಟ್ಟಲಾಯಿತು. ನೀರಿನ ಅಂಚಿನಲ್ಲಿ ಸಾಲಾಗಿ ನಿಂತ ದಪ್ಪನೆಯ ಎರಕದ ಕಂಬಗಳು ಗೋದಾಮಿನ ಭಾರ ಹೊತ್ತಿವೆ. ಹಾರ್ಟ್ಲಿಯ ಡಾಕ್ ಗೋಡೆಗಳಲ್ಲಿ ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಅಡ್ಡಾದಿಡ್ಡಿ ಗ್ರಾನೈಟ್ ಬಂಡೆಗಳ ಸಂದಿಗೆ ಸಣ್ಣ ಕಲ್ಲುಗಳನ್ನು ಅಳತೆಗೆ ಕೆತ್ತಿ ಕೂರಿಸಲಾಗಿದೆ.

ನೋಡಬೇಕಾದ ಬೇರೆ ಕಟ್ಟಡಗಳೂ ಇವೆ. ಸೇಂಟ್ ಜಾರ್ಜ್ಸ್ ಹಾಲ್ 1854ರದು. ನದಿಗೆ ಮುಖ ಮಾಡಿದ ಪಿಯರ್ ಹೆಡ್‌ನಲ್ಲಿ ಪೋರ್ಟ್ ಆಫ್ ಲಿವರ್‌ಪೂಲ್ ಕಟ್ಟಡ (1907), ಗೋಪುರಗಳ ಮೇಲೆ ಎರಡು ಹಕ್ಕಿಗಳನ್ನು ಹೊತ್ತ ರಾಯಲ್ ಲಿವರ್ ಕಟ್ಟಡ (1911), ಕ್ಯೂನಾರ್ಡ್ ಕಟ್ಟಡ (1917) ಸಾಲಾಗಿ ನಿಂತಿವೆ.

ವಿವಾದ ಹುಟ್ಟಿದ್ದು ಉತ್ತರದ ಡಾಕ್‌ಗಳಲ್ಲಿ. ಸುಮಾರು 60 ಹೆಕ್ಟೇರಿನಲ್ಲಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ‘ಲಿವರ್‌ಪೂಲ್ ವಾಟರ್ಸ್’ ಯೋಜನೆಯಿಂದಾಗಿ 2012ರಲ್ಲಿ ತಾಣ ಅಪಾಯದ ಪಟ್ಟಿಗೆ ಸೇರಿತು. ಆ ಎಚ್ಚರಿಕೆಗೆ ಕಿವಿಗೊಡದೆ, 1848ರಲ್ಲಿ ತೆರೆದಿದ್ದ ಬ್ರಾಮ್ಲಿ-ಮೂರ್ ಡಾಕ್‌ನಲ್ಲಿ ಎವರ್ಟನ್ ಕ್ಲಬ್ಬಿನ ಫುಟ್‌ಬಾಲ್ ಕ್ರೀಡಾಂಗಣಕ್ಕೆ 2021ರಲ್ಲಿ ಅನುಮತಿ ಕೊಡಲಾಯಿತು. ಸರ್ಕಾರದ್ದೇ ಸಲಹಾ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಆಕ್ಷೇಪಿಸಿದರೂ ಫಲವಾಗಲಿಲ್ಲ. ಡಾಕ್‌ಗೆ ಮರಳು ತುಂಬಿಸಲಾಯಿತು.

ಉತ್ತರ ಲಿವರ್‌ಪೂಲ್ ಬಡತನದಿಂದ ನಲುಗಿದ ಪ್ರದೇಶ. ಪಾಳುಬಿದ್ದ ಡಾಕ್‌ಗಿಂತ ಉದ್ಯೋಗ ತರುವ ಕ್ರೀಡಾಂಗಣ ಮೇಲು ಎಂಬುದು ಯೋಜನೆಯ ಪರವಾಗಿರುವವರ ವಾದ. ಬಡತನವನ್ನು ಅಲ್ಲಗಳೆಯುವಂತಿಲ್ಲ. ಆದರೆ ನೀರನ್ನು ಮುಚ್ಚುವುದೊಂದೇ ದಾರಿ ಎಂಬುದನ್ನು ಲಿವರ್‌ಪೂಲೇ ಸುಳ್ಳಾಗಿಸಿದೆ. 1972ರಲ್ಲಿ ಬಾಗಿಲು ಹಾಕಿ ಹೂಳು ತುಂಬಿದ್ದ ಆಲ್ಬರ್ಟ್ ಡಾಕ್ 1980ರ ದಶಕದಲ್ಲಿ ಜೀರ್ಣೋದ್ಧಾರಗೊಂಡು, ಮ್ಯೂಸಿಯಂ, ಅಂಗಡಿ, ವಸತಿಗಳಿಂದ ತುಂಬಿ, ಪ್ರವಾಸಿಗರ ಮೆಚ್ಚಿನ ತಾಣವಾಯಿತು. ಉತ್ತರದ ಸ್ಟಾನ್ಲಿ ಡಾಕ್‌ನಲ್ಲೂ ಗೋದಾಮೊಂದು ಹೋಟೆಲಾಯಿತು. 1901ರ ಬೃಹತ್ ತಂಬಾಕು ಗೋದಾಮಿನಲ್ಲಿ ಮನೆಗಳಾದವು. ಎರಡೂ ಕಡೆ ನೀರು ಇದ್ದಲ್ಲಿಯೇ ಇದೆ. ಬ್ರಾಮ್ಲಿ-ಮೂರ್‌ನ ಹೊರಗೋಡೆಯನ್ನೂ ಹೈಡ್ರಾಲಿಕ್ ಗೋಪುರವನ್ನೂ ಉಳಿಸಿಕೊಂಡದ್ದು ಒಳ್ಳೆಯದೇ. ಆದರೆ ನೀರಿಲ್ಲದ ಡಾಕ್ ಡಾಕ್ ಅಲ್ಲ.

ಕನ್ನಡಿಗರಿಗೆ ಇದು ದೂರದ ಜಗಳವಲ್ಲ. ಆನೆಗೊಂದಿ ಸೇತುವೆಯ ಕಾಮಗಾರಿಯಿಂದ ಹಂಪಿಯೂ 1999ರಲ್ಲಿ ಅಪಾಯದ ಪಟ್ಟಿಗೆ ಬಿದ್ದಿತ್ತು. ಕೆಲಸ ನಿಂತಿತು, ಮಾತುಕತೆ ನಡೆಯಿತು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಎಚ್ಚರಿಕೆಯನ್ನು ಅವಮಾನವೆಂದು ತಿಳಿಯದೆ ತಿದ್ದಿಕೊಂಡರೆ ತಾಣ ಉಳಿಯುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಲಿವರ್‌ಪೂಲ್‌ಗೆ ಬಿರುದು ಮರಳಿ ಬರುವುದು ಕಷ್ಟ. ಉಳಿದ ಡಾಕ್‌ಗಳು ಮಾತ್ರ ಇನ್ನೂ ಅದರ ಕೈಯಲ್ಲೇ ಇವೆ. ಇನ್ನೊಂದು ಡಾಕ್‌ಗೂ ಮರಳು ಬೀಳದಂತೆ ಕಾನೂನಿನ ಬಲದಿಂದ ತಡೆಯುವುದು ಆ ನಗರ ಈಗ ಮಾಡಲೇಬೇಕಾದ ಕೆಲಸ.