ಹಲ್ಲು ನೋಡಿ ಎತ್ತು, ಆರೈಕೆ ನೋಡಿ ಕಾರು

ಗೊಳಸಂಗಿ, ನಿಡಗುಂದಿ, ಬಸವನ ಬಾಗೇವಾಡಿಯ ಒಕ್ಕಲು ಮನೆತನಗಳಲ್ಲಿ ಎತ್ತು ಕೊಳ್ಳುವುದೆಂದರೆ ಹುಡುಗಾಟದ ಮಾತಾಗಿರಲಿಲ್ಲ. ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದ ಹಿರಿಯರು ಹಲ್ಲು ನೋಡಿ, ಗೊರಸು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ವ್ಯಾಪಾರದ ಮಾತು ಎತ್ತುತ್ತಿದ್ದರು. ಮೈಬಣ್ಣಕ್ಕೂ ಕೋಡಿನ ಅಂದಕ್ಕೂ ಬೆಲೆ ಇತ್ತು. ಆದರೆ ಮೊದಲ ಬೆಲೆ ಕಸುವಿಗೆ.

ಇಂದು ಅದೇ ಮನೆಗಳ ಅಂಗಳದಲ್ಲಿ ಕಾರು ನಿಲ್ಲುತ್ತಿದೆ. ನಮ್ಮ ತರುಣರಿಗೆ ಓಟದಲ್ಲಿ ಚುರುಕಾದ ಸಣ್ಣ ಸೆಡಾನ್ ಗಾಡಿಗಳ ಮೇಲೆ ಒಲವು ಹೆಚ್ಚು. 1998ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಹೋಂಡಾ ಸಿಟಿಯಿಂದ ಹಿಡಿದು 105 ಅಶ್ವಶಕ್ತಿಯ ವೋಕ್ಸ್‌ವ್ಯಾಗನ್ ವೆಂಟೊ ಟಿಎಸ್‌ಐವರೆಗೆ ಇಂಥ ಗಾಡಿಗಳು ಹಳೆಯವಾದ ಮೇಲೆ ಕಡಿಮೆ ಬೆಲೆಗೆ ಸಿಗುತ್ತವೆ. ಮಗ ಆಸೆಪಡುತ್ತಾನೆ, ತಾಯಿ-ತಂದೆ, 'ಇದನ್ನು ನಂಬಬಹುದೆ?' ಎಂದು ಕೇಳುತ್ತಾರೆ. ಆ ಪ್ರಶ್ನೆ ಯೋಗ್ಯವಾದುದೇ. ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ ವಿಜಯಪುರದ ಆಸ್ಪತ್ರೆ ಮುಟ್ಟಿಸಬೇಕಾದದ್ದು ಆ ಗಾಡಿಯೇ ಅಲ್ಲವೆ?

ಹಳೆಯ ಗಾಡಿಯ ನಂಬಿಕೆ ಅದರ ಹಿಂದಿನ ಒಡೆಯನ ಆರೈಕೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಒಂದೇ ವರ್ಷದ, ಒಂದೇ ಹೆಸರಿನ ಎರಡು ಕಾರುಗಳಲ್ಲಿ ಒಂದು ಮನೆಯ ಮಗನಂತೆ ದುಡಿಯುತ್ತದೆ, ಇನ್ನೊಂದು ದಾರಿಯಲ್ಲಿ ಕೈಬಿಡುತ್ತದೆ. ಉದಾಹರಣೆಗೆ, ಹಳೆಯ ಹೋಂಡಾ ಸಿಟಿಯ ಯಂತ್ರದೊಳಗೆ ಪಿಸ್ಟನ್ನು ಮತ್ತು ವಾಲ್ವುಗಳ ಚಲನೆಯನ್ನು ತಾಳ ತಪ್ಪದಂತೆ ಕಾಯುವ ರಬ್ಬರಿನ ಟೈಮಿಂಗ್ ಬೆಲ್ಟ್ ಇದೆ. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ಮುಪ್ಪು ತಪ್ಪದು. ಬೆಲ್ಟ್ ಹರಿದರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಅನೇಕ ಯಂತ್ರಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಸಕಾಲದಲ್ಲಿ ಬೆಲ್ಟ್ ಬದಲಿಸುವ ಖರ್ಚು ಸಣ್ಣದು, ಆಮೇಲಿನ ದುರಸ್ತಿ ದೊಡ್ಡದು. ಟರ್ಬೊ ಇರುವ ಯಂತ್ರಕ್ಕೆ ಎಣ್ಣೆಯೇ ಜೀವ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದ ರಸೀದಿಗಳನ್ನು ಕೇಳಿ ನೋಡಬೇಕು. ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರು ಇದ್ದರೆ, ಸಂತೆಯ ದಿನದ ಗದ್ದಲದಲ್ಲಿ ನಿಧಾನವಾಗಿ ಓಡಿಸಿ, ಜಗ್ಗುತ್ತದೆಯೇ ಎಂದು ಪರೀಕ್ಷಿಸಬೇಕು.

ನಮ್ಮ ನೆಲದ ಗುಣವನ್ನೂ ಮರೆಯಲಾಗದು. ಎರೆಭೂಮಿಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟುತ್ತದೆ. ಬೇಸಿಗೆಯ ಉರಿಯಲ್ಲಿ ರೇಡಿಯೇಟರಿನ ನೀರು ತಗ್ಗಿದರೆ ಯಂತ್ರ ಕಾದು ಕೆಡುತ್ತದೆ. ನೆಲಕ್ಕೆ ತಗ್ಗಾಗಿರುವ ಇಂಥ ಗಾಡಿಗಳ ಹೊಟ್ಟೆ ಹಳ್ಳಿಯ ರಸ್ತೆಯುಬ್ಬುಗಳಿಗೆ ತಾಗುತ್ತದೆ. ಕೆಳಗೆ ಬಗ್ಗಿ ನೋಡದೆ ಕೊಳ್ಳಬಾರದು. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದುದು. ಅದೇ ಟಾಯರಿನ ಹಲ್ಲು. 2025ರ ಹೊತ್ತಿಗೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ದೇಶದಲ್ಲೆಲ್ಲ ಹರಡಿದೆ. ಹಳೆಯ ಗಾಡಿಗಳು ಅದಕ್ಕಾಗಿ ರೂಪುಗೊಂಡವಲ್ಲ. ಆದುದರಿಂದ ಇಂಧನದ ರಬ್ಬರು ಕೊಳವೆಗಳನ್ನು ಆಗಾಗ್ಗೆ ನೋಡಿಸುತ್ತಿರಬೇಕು.

ಇನ್ನು ಕಾಗದಪತ್ರದ ವಿಚಾರ. ಬೀಗರು, ನೆಂಟರು ಎಂಬ ವಿಶ್ವಾಸದಿಂದ ಹೆಸರು ಬದಲಿಸದೆ ಗಾಡಿ ಕೊಟ್ಟು ತೆಗೆದುಕೊಳ್ಳುವ ರೂಢಿ ನಮ್ಮಲ್ಲಿದೆ. ಇದು ಅಪಾಯಕರ. ಗಾಡಿ ಕೈಬದಲಾಗಿದ್ದರೂ ಆರ್.ಸಿ.ಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಿಸಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನಗಳೊಳಗೆ ಅರ್ಜಿ ಹಾಕಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಬಳಿಕ ಗಾಡಿಯನ್ನು ಪರೀಕ್ಷೆಗೊಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಖರ್ಚನ್ನೂ ಮೊದಲೇ ಎಣಿಸಿಕೊಳ್ಳಬೇಕು.

ಮಾರುವವರಿಗೂ ಒಂದು ಮಾತು. ಪತಿಯು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮ್ಮ ಮನೆಮನೆಗಳಲ್ಲಿ ಬಲ್ಲದ್ದೇ. ದೋಷವನ್ನು ಮುಚ್ಚಿಟ್ಟು ಪಡೆದ ಹಣ ಆ ಹೆಚ್ಚಿನ ಅಕ್ಕಿಯಂಥದು. ಅದರಿಂದ ಒಂದು ದಿನದ ಲಾಭವಾದೀತು. ಆದರೆ ಬ್ರೇಕು ಸರಿಯಿಲ್ಲದ ಗಾಡಿಯಲ್ಲಿ ಇನ್ನೊಬ್ಬರ ಮಕ್ಕಳು ಕುಳಿತುಕೊಳ್ಳುತ್ತಾರೆ. 'ಇಂತಿಂಥ ದೋಷವಿದೆ, ಇಷ್ಟು ಕಡಿಮೆ ಕೊಡಿ' ಎನ್ನುವುದೇ ಶರಣರು ಮೆಚ್ಚುವ ವ್ಯವಹಾರ. ಹಾಗೆಯೇ ದೋಷವನ್ನು ಉಳ್ಳದ್ದುಳ್ಳಂತೆ ಹೇಳುವ ಊರ ಮೆಕ್ಯಾನಿಕ್‌ನ ಕೂಲಿಯಲ್ಲಿ ಚೌಕಾಸಿ ಮಾಡಬಾರದು. ಅವನದೂ ಸತ್ಯಶುದ್ಧ ಕಾಯಕ.

ಕೊನೆಗೆ ತರುಣರಿಗೆ. ಗೊಳಸಂಗಿಯ ಮಗ್ಗುಲಿನ ಹೆದ್ದಾರಿ ಈಗ ಹಸನಾಗಿದೆ, ಗಾಡಿಯೂ ಚುರುಕಾಗಿದೆ. ಆದರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರಕಾರವು 2018ರಲ್ಲಿ ಗೊತ್ತುಪಡಿಸಿದ ಮಿತಿ ಗಂಟೆಗೆ 100 ಕಿ.ಮೀ. ಆ ಹೆದ್ದಾರಿಯನ್ನೇ ಕಬ್ಬಿನ ಟ್ರ್ಯಾಕ್ಟರೂ ದನಕರುಗಳೂ ದಾಟುತ್ತವೆ. ಕಸುವುಳ್ಳ ಎತ್ತನ್ನು ನಮ್ಮ ಹಿರಿಯರು ಹಗ್ಗ ಬಿಗಿಹಿಡಿದೇ ಹೊಡೆದರು. ತಿಂಗಳಿಗೆ ಒಂದಿಷ್ಟು ಹಣವನ್ನು ಗಾಡಿಯ ಆರೈಕೆಗೆಂದು ತೆಗೆದಿಟ್ಟು, ಹದದಲ್ಲಿ ಓಡಿಸಿದರೆ, ಹಳೆಯ ಕಾರೂ ಮನೆಯ ಎತ್ತಿನಂತೆ ಬಹುಕಾಲ ದುಡಿದೀತು.